ಶೆಡ್ಡಿನ ಪಕ್ಕದಲ್ಲೇ ಸಂಜೆ ಪಾಠ: ವಲಸೆ ಬಂದವರ ಮಕ್ಕಳಿಗೆ ಕಲಿಸುವುದು ಹೇಗೆ?

ದಾವಣಗೆರೆಯಲ್ಲಿ ಗಿರಣಿ ಕೆಲಸಕ್ಕೆ, ಗಾರೆ ಕೆಲಸಕ್ಕೆ ಬಂದು ಶೆಡ್ಡುಗಳಲ್ಲಿ ಉಳಿದವರಲ್ಲಿ ರಾಯಚೂರು, ಕಲಬುರಗಿ ಕಡೆಯಿಂದ ಗುಳೆ ಬಂದವರಿದ್ದಾರೆ, ಬಿಹಾರ, ಉತ್ತರ ಪ್ರದೇಶದವರೂ ಇದ್ದಾರೆ. ಗುಳೆ ಬಂದವರ ಮಕ್ಕಳಿಗೆ ತಪ್ಪಿಹೋದ ತಿಂಗಳುಗಳ ಪಾಠ ತುಂಬಿಕೊಟ್ಟರೆ ಸಾಕು. ಉತ್ತರದ ಮಕ್ಕಳಿಗೆ ತರಗತಿಯಲ್ಲಿ ಮೇಷ್ಟ್ರು ಆಡುವ ಮಾತೇ ಗೊತ್ತಾಗುವುದಿಲ್ಲ. ಸಂಜೆ ಒಂದೂವರೆ ತಾಸು ಕೂರಿಸಿಕೊಂಡರೆ ಈ ಎರಡನ್ನೂ ಸರಿಪಡಿಸಬಹುದು.

ಮೊದಲು ಮೇಸ್ತ್ರಿಯನ್ನು ಕಾಣಿ

ಶೆಡ್ಡಿಗೆ ಹೊಸಬರು ಬಂದರೆ ಕಾರ್ಮಿಕ ಇಲಾಖೆಯವರೇ ಬಂದರೆಂದು ಮೇಸ್ತ್ರಿ ಗಾಬರಿಯಾಗುತ್ತಾನೆ. ಪಾಠಕ್ಕೆ ಬಂದಿದ್ದೇವೆಂದು ಅವನಿಗೆ ಬಿಡಿಸಿ ಹೇಳಿ. ಅವನು ಒಪ್ಪದಿದ್ದರೆ ಮೂರನೇ ದಿನ ಒಂದು ಮಗುವೂ ಬರುವುದಿಲ್ಲ. ಜಾಗ ಶೆಡ್ಡಿನಿಂದ ಕೂಗಳತೆಯಲ್ಲಿರಲಿ. ಗುಡಿಯ ಜಗಲಿಯಾದರೂ ಸರಿ. ದೊಡ್ಡ ರಸ್ತೆ ದಾಟಬೇಕೆಂದರೆ ಹೆಣ್ಣುಮಕ್ಕಳನ್ನು ಕಳಿಸುವುದಿಲ್ಲ. ಒಂಬತ್ತು, ಹತ್ತು ವರ್ಷದ ಹುಡುಗಿಯ ಸೊಂಟದ ಮೇಲೆ ಸಾಮಾನ್ಯವಾಗಿ ತಮ್ಮನೋ ತಂಗಿಯೋ ಇರುತ್ತದೆ. ಕೂಸನ್ನು ಬಿಟ್ಟು ಬಾ ಎಂದರೆ ಅವಳೂ ಬರುವುದಿಲ್ಲ. ಮೂಲೆಯಲ್ಲಿ ಒಂದು ಚಾಪೆ ಹಾಸಿ, ನಾಲ್ಕು ಸ್ಟೀಲ್ ಬಟ್ಟಲು ಇಟ್ಟರೆ ಕೂಸು ತನ್ನ ಪಾಡಿಗೆ ಆಡಿಕೊಂಡಿರುತ್ತದೆ.

ಐದಕ್ಕೆ ಶುರು ಮಾಡಿ, ಆರೂವರೆಗೆ ಮುಗಿಸಿ. ಹದಿನೈದು ಮಕ್ಕಳಿಗೆ ಇಬ್ಬರು ಕಲಿಸುವವರು ಬೇಕು. ಇಪ್ಪತ್ತು ದಾಟಿದರೆ ಬರೀ ಗದ್ದಲ. ಬೇಕಾಗುವ ಸಾಮಾನು ಒಂದು ಕರಿಹಲಗೆ, ತಲೆಗೊಂದು ಸ್ಲೇಟು, ಕರೆಂಟ್ ಹೋದಾಗ ಉರಿಯುವ ಎರಡು ಚಾರ್ಜಿಂಗ್ ಬಲ್ಬು. ಅರ್ಧ ಕಿಲೋ ಮಂಡಕ್ಕಿಗೆ ಕಾಲು ಕಿಲೋ ಹುರಿಗಡಲೆ ಬೆರೆಸಿದರೆ ಹದಿನೈದು ಮಕ್ಕಳಿಗೆ ಸಾಕು. ಅದನ್ನು ಪಾಠಕ್ಕೆ ಮುಂಚೆಯೇ ಕೊಡಿ. ಹಸಿದ ಮಗುವಿನ ಕಣ್ಣು ಚೀಲದ ಮೇಲೆ ಇರುತ್ತದೆ, ಹಲಗೆಯ ಮೇಲಲ್ಲ.

ಬಾಯಿಗೆ ಮೊದಲು, ಕೈಗೆ ಆಮೇಲೆ

ಮೊದಲ ದಿನವೇ ಅ, ಆ, ಇ, ಈ ತಿದ್ದಿಸಲು ಕೂರುವುದೇ ಹೆಚ್ಚಿನವರು ಮಾಡುವ ತಪ್ಪು. ಅರ್ಥವಾಗದ ಭಾಷೆಯ ಅಕ್ಷರ ಮಗುವಿಗೆ ಬರೀ ಗೀಟು. ಮೊದಲ ಆರು ವಾರ ಮಾತು ಮಾತ್ರ ಕಲಿಸಿ: ಕೊಡು, ಬಾ, ನೀರು ಬೇಕು, ಅರ್ಥವಾಗಲಿಲ್ಲ ಮಿಸ್. ಮನೆಯಲ್ಲಿ ಭೋಜಪುರಿಯನ್ನೋ ಮೈಥಿಲಿಯನ್ನೋ ಆಡುವ ಮಕ್ಕಳಿಗೆ ಹಿಂದಿಯೂ ಎರಡನೇ ಭಾಷೆಯೇ ಎಂಬುದು ನೆನಪಿರಲಿ.

ಆತ್ಮವಿಶ್ವಾಸ ಬೇಗ ಬರುವುದು ಲೆಕ್ಕದಲ್ಲಿ. ಹಿಂದಿಯಲ್ಲಿ ನೂರರವರೆಗಿನ ಎಣಿಕೆಯನ್ನು ಹೆಚ್ಚುಕಡಿಮೆ ಒಂದೊಂದಾಗಿ ಬಾಯಿಪಾಠ ಮಾಡಬೇಕು. ಇಪ್ಪತ್ತೊಂಬತ್ತಕ್ಕೆ 'ಉನ್‌ತೀಸ್', ಅಂದರೆ ಮೂವತ್ತಕ್ಕೆ ಒಂದು ಕಡಿಮೆ. ಕನ್ನಡದಲ್ಲಿ ಹತ್ತೊಂಬತ್ತರವರೆಗೆ ಕಲಿತು, ಇಪ್ಪತ್ತು, ಮೂವತ್ತು, ನಲವತ್ತು ಎಂದು ಹತ್ತುಗಳನ್ನು ಕಲಿತರೆ ಉಳಿದದ್ದು ತಾನೇ ಕೂಡಿಕೊಳ್ಳುತ್ತದೆ.

ಓದು ಶುರುವಾದಾಗ ಮೂರು ಕಡೆ ಎಡವುತ್ತಾರೆ. ಒಂದು, ಹಿಂದಿಯಲ್ಲಿ ಪದದ ಕೊನೆಯ 'ಅ' ಉಚ್ಚರಿಸುವುದಿಲ್ಲ, ಹಾಗಾಗಿ 'ಮರ' ಎಂಬುದು 'ಮರ್' ಆಗುತ್ತದೆ. ಎರಡು, ದೇವನಾಗರಿಯಲ್ಲಿ ಓದಿ ರೂಢಿಯಾದ ಮಗುವಿಗೆ ಎ-ಏ, ಒ-ಓ ಭೇದವಿಲ್ಲ. ಹಿಂದಿಯಲ್ಲಿ 'ಳ' ಕೂಡ ಇಲ್ಲ. ಬೆಳೆ, ಬೇಳೆ, ಬೆಲೆ ಮೂರೂ ಅದಕ್ಕೆ ಒಂದೇ. ಅಂಗಡಿ ಆಟ ಆಡಿಸಿ, 'ಬೇಳೆಯ ಬೆಲೆ ಎಷ್ಟು?' ಎಂದು ದಿನಾ ಕೇಳಿಸಿ. ಮೂರನೆಯದು ಒತ್ತಕ್ಷರ, ಗಟ್ಟಿ ಕಾಯಿ ಇದೇ. ಮಗು 'ಕುಸ್ತಿ' ಎಂಬುದನ್ನು 'ಕುಸಿತ' ಎಂದು ಓದುತ್ತದೆ. ಅದರ ತಪ್ಪಲ್ಲ: ಗುಡಿಸು ಮೇಲಿನ 'ಸ'ಕ್ಕೆ ಅಂಟಿಕೊಂಡಿದೆ, ಕೆಳಗೆ 'ತ' ಇದೆ, ಕಂಡದ್ದನ್ನು ಕಂಡಂತೆ ಓದಿತು. 'ಮೇಲಿನವನು ಅರ್ಧ, ಗುಡಿಸು ಕೆಳಗಿನವನದು' ಎಂದು ಹೇಳಿ, ಕುಸ್ತಿ, ದೋಸ್ತಿ, ಚಪ್ಪಲಿ, ರೊಟ್ಟಿಯಂಥ ಎರಡೂ ಕಡೆ ಕೇಳಿದ ಪದಗಳಿಂದಲೇ ತಿದ್ದಿಸಿ. ಆಂಧ್ರದಲ್ಲಿ ಓದಿ ಬಂದ ಮಗುವಿಗೆ ಈ ಪಾಡಿಲ್ಲ. ತೆಲುಗಿನಲ್ಲೂ ಒತ್ತು ಕೆಳಗೇ ಬರುತ್ತದೆ.

ಶಾಲೆಯ ಕಾಗದ

ಟಿಸಿ ಇಲ್ಲ, ಜನನ ಪತ್ರ ಇಲ್ಲ ಎಂದು ಆರರಿಂದ ಹದಿನಾಲ್ಕರ ಮಗುವನ್ನು ವಾಪಸು ಕಳಿಸುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ, ಹಿಂದುಳಿದಿದ್ದಕ್ಕೆ ವಿಶೇಷ ತರಬೇತಿ ಕೊಡಬೇಕು. ದಾಖಲಾತಿಗೆ ಆಧಾರ್ ಕಡ್ಡಾಯವಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಮುಖ್ಯೋಪಾಧ್ಯಾಯರ ಜತೆ ಜಗಳಕ್ಕೆ ನಿಲ್ಲಬೇಡಿ, ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಶಿಕ್ಷಣ ಇಲಾಖೆಯ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿಯನ್ನು ಜತೆಗೆ ಕರೆದುಕೊಂಡು ಹೋಗಿ. ಹದಿನಾಲ್ಕು ದಾಟಿ ಶಾಲೆ ಬಿಟ್ಟವರಿಗೆ ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಹಿಂದಿ ಮಾಧ್ಯಮದಲ್ಲೇ ಹತ್ತನೇ ತರಗತಿ ಕಟ್ಟುವ ದಾರಿಯಿದೆ.

ಅಕ್ಕ, ಅಣ್ಣ ಆಗುವವರು

ಪಾಠ ಕಲಿಸುವ ಇಬ್ಬರಲ್ಲದೆ, ಅಕ್ಕ, ಅಣ್ಣನಂತೆ ಜತೆಗಿರಲು ಮೂರು ಮಕ್ಕಳಿಗೆ ಒಬ್ಬರಂತೆ ಕಾಲೇಜು ಹುಡುಗ ಹುಡುಗಿಯರನ್ನು ಹಚ್ಚಿ. ಕನಿಷ್ಠ ಆರು ತಿಂಗಳು, ವಾರಕ್ಕೆ ಎರಡು ದಿನ, ಅದೇ ಎರಡು ದಿನ. ಸೆಮಿಸ್ಟರ್ ಪರೀಕ್ಷೆ ಬಂದಾಗ ಎಲ್ಲರೂ ಒಟ್ಟಿಗೇ ಮಾಯವಾಗುತ್ತಾರೆ. ಅದಕ್ಕೆ ಬೇರೆ ಬೇರೆ ಕೋರ್ಸಿನವರನ್ನು ಆರಿಸಿ. ಯಾರೂ ಮಗುವಿನೊಂದಿಗೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಂಟಿಯಾಗಿ ಕೂರಬಾರದು. ಮಕ್ಕಳ ಫೋಟೊ ಸ್ಟೇಟಸ್‌ಗೆ ಹಾಕುವ ಚಟ ಮೊದಲ ದಿನವೇ ಬಿಡಿಸಿ. ಮಗುವಿಗೆ ತೊಂದರೆಯಾಗುತ್ತಿದೆ ಎಂದು ಕಂಡರೆ 1098ಕ್ಕೆ ಕರೆ ಮಾಡಿ. ಲೈಂಗಿಕ ದೌರ್ಜನ್ಯವೆಂದು ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸಲೇಬೇಕು. ಶೆಡ್ಡಿನವರೇ ನೋಡಿಕೊಳ್ಳಲಿ ಎಂದು ಸುಮ್ಮನಿರುವುದೂ ಅಪರಾಧ.

ಊರಿಗೆ ಹೊರಟಾಗ

ಛಠ್ ಹಬ್ಬಕ್ಕೆ, ಹೋಳಿಗೆ ಬಿಹಾರದ ಕುಟುಂಬಗಳು ಹೊರಟರೆ ಬರುವುದು ತಿಂಗಳಾಗಬಹುದು, ಬೇರೆ ಸೈಟಿಗೇ ಹೋಗಬಹುದು. ಹಬ್ಬಕ್ಕೆ ಹದಿನೈದು ದಿನ ಮೊದಲೇ ಯಾರು ಹೊರಡುತ್ತಾರೆ, ಯಾರು ವಾಪಸು ಬರುವುದಿಲ್ಲ ಎಂದು ಕೇಳಿಟ್ಟುಕೊಳ್ಳಿ. ಬಾರದವರ ಟಿಸಿಯನ್ನು ಆಗಲೇ ಮಾಡಿಸಿ, ಅಂಕಪಟ್ಟಿಯ ಜತೆ ಅದರ ಫೋಟೊ ತಾಯಿಯ ಫೋನಿಗೂ ಹಾಕಿ. ಕೆಲಸದ ಜಾಗದಲ್ಲಿ ಅಪ್ಪನ ಫೋನು ಕಳೆಯುವುದು, ಸಿಮ್ ಬದಲಾಗುವುದು ಹೆಚ್ಚು. ಮಗುವಿನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅದಕ್ಕೆ ಏನು ಓದಲು ಬರುತ್ತದೆ, ಯಾವ ಲೆಕ್ಕದವರೆಗೆ ಬಂದಿದೆ ಎಂದು ಕನ್ನಡದಲ್ಲೂ ಹಿಂದಿಯಲ್ಲೂ ನಾಲ್ಕು ಸಾಲು ಬರೆದು ಕಳಿಸಿ.