ನಾಲ್ಕು ಸಲ ಕೈಕೊಟ್ಟ ಕಾಲು

ಬಲತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಸ್ನಾಯು ನನಗೆ ನಾಲ್ಕು ಸಲ ಹರಿದಿದೆ. ನಾಲ್ಕೂ ಸಲ ಅದೇ ಜಾಗ. ನಾಲ್ಕೂ ಸಲ ಕಬಡ್ಡಿಯಲ್ಲಿ ದಾಳಿಗೆ ಹೋಗಿ, ಎದುರಾಳಿ ಅಂಕಣದ ಮೂಲೆ ಕಾಯುವ ಕಾರ್ನರ್‌ನವನನ್ನು ಮುಟ್ಟಲು ಬಲಗಾಲನ್ನು ಉದ್ದಕ್ಕೆ ಚಾಚಿದಾಗಲೇ. ಮೂರನೆಯ ಸಲದ ‘ಟಕ್’ ಸದ್ದು ಅಂಪೈರಿಗೂ ಕೇಳಿಸಿತ್ತು ಎಂದು ನಮ್ಮ ಹುಡುಗರು ಇವತ್ತಿಗೂ ಹೇಳುತ್ತಾರೆ. ಅದು ಸುಳ್ಳು, ಆದರೆ ನನಗೆ ಕೇಳಿಸಿದ್ದು ನಿಜ.

2017ರಿಂದ 2019ರವರೆಗೆ ಈ ತೊಡೆಗೆ ಸುರಿದ ಹಣ ಸುಮಾರು ನಲವತ್ತು ಸಾವಿರ. ಎಂಆರ್‌ಐಗೆ ಏಳು ಸಾವಿರದ ಹತ್ತಿರ, ಕರೆಂಟು ಕೊಡುವ ಫಿಸಿಯೋಥೆರಪಿಗೆ ದಿನಕ್ಕೆ ಮುನ್ನೂರೈವತ್ತರಂತೆ ಲೆಕ್ಕ ತಪ್ಪುವಷ್ಟು ದಿನ, ಎಣ್ಣೆ ಹಾಕಿ ನೀವುವವರಿಗೆ ಕೈಗೆ ಬಂದಷ್ಟು. ನೀಲಿ ಬಣ್ಣದ ಅಂಟುಪಟ್ಟಿಯ ಸುರುಳಿಗೆ ಆರುನೂರು ಕೊಟ್ಟೆ. ಫೋಟೋದಲ್ಲಿ ಚೆನ್ನಾಗಿ ಕಂಡಿತು, ಅಷ್ಟೇ. ಆ ಮೂರು ವರ್ಷಗಳಲ್ಲಿ ನನ್ನ ಪಾಲಿಗೆ ಬಂದ ಬಹುಮಾನದ ಹಣ ಎಂಟು ಸಾವಿರ ದಾಟಿರಲಾರದು.

ತಪ್ಪು ನನ್ನದೇ ಆಗಿತ್ತು. ಹತ್ತನೆಯ ದಿನ ನೋವು ಹೋಗುತ್ತಿತ್ತು, ಮೂರನೆಯ ವಾರ ಅಂಕಣಕ್ಕೆ ಇಳಿಯುತ್ತಿದ್ದೆ. ನೋವು ಹೋದದ್ದಕ್ಕೂ ಸ್ನಾಯುವಿಗೆ ಬಲ ಬಂದದ್ದಕ್ಕೂ ಸಂಬಂಧವಿಲ್ಲ ಎಂಬುದು ತಲೆಗೆ ಹೋಗಲು ನಾಲ್ಕು ಸಲ ಬೀಳಬೇಕಾಯಿತು. ‘ಬಿಗಿ ಇದೆ, ಎಳೆದು ಸಡಿಲಿಸು’ ಎಂದವರ ಮಾತು ಕೇಳಿ, ಹರಿದ ಜಾಗವನ್ನೇ ಬೆಳಿಗ್ಗೆ ಸಂಜೆ ಎಳೆಯುತ್ತಿದ್ದೆ. ಅದು ಇನ್ನೊಂದು ಪೆದ್ದುತನ.

2020ರ ಲಾಕ್‌ಡೌನ್‌ನಲ್ಲಿ ಪಂದ್ಯಾಟಗಳೆಲ್ಲ ನಿಂತಾಗ ನಾರ್ಡಿಕ್ ಎಂಬ ಹ್ಯಾಮ್‌ಸ್ಟ್ರಿಂಗ್ ವ್ಯಾಯಾಮ ಶುರು ಮಾಡಿದೆ. ಗೊತ್ತಿರುವವರಿಗೆ ಗೊತ್ತು: ಮೊಣಕಾಲೂರಿ, ಹಿಮ್ಮಡಿಗಳನ್ನು ಯಾರಾದರೂ ಒತ್ತಿ ಹಿಡಿದಿರಬೇಕು, ಸೊಂಟ ಮಡಚದೆ ಮುಂದಕ್ಕೆ ಆದಷ್ಟು ನಿಧಾನವಾಗಿ ಬೀಳಬೇಕು. ಹಿಡಿಯುವವರು ಯಾರೂ ಇರಲಿಲ್ಲ. ಅಜ್ಜನ ಕಾಲದ ಹಲಸಿನ ಮಂಚದ ಅಡಿಗೆ ಕಾಲು ಸಿಕ್ಕಿಸಿದೆ, ಮೊಣಕಾಲಿಗೆ ಗೋಣಿಚೀಲ ಮಡಚಿ ಇಟ್ಟೆ. ಮೊದಲ ವಾರ ಒಂದೇ ದಿನ, ಐದೈದರಂತೆ ಎರಡು ಸುತ್ತು. ಅಷ್ಟಕ್ಕೇ ಮೂರು ದಿನ ಶೌಚಾಲಯದಲ್ಲಿ ಕೂರಲು ಆಗಲಿಲ್ಲ. ಐದನೆಯ ವಾರದಿಂದ ವಾರಕ್ಕೆ ಮೂರು ದಿನ. ದಿನಕ್ಕೆ ಮೂರು ಸುತ್ತು: ಹನ್ನೆರಡು, ಹತ್ತು, ಎಂಟು. ಗಾಯ ಹಸಿಯಾಗಿರುವಾಗ ಯಾರೂ ಇದಕ್ಕೆ ಕೈ ಹಾಕಬೇಡಿ, ತೊಡೆ ನೀಲಿಗಟ್ಟಿದ್ದರೆ ಮೊದಲು ವೈದ್ಯರಿಗೆ ತೋರಿಸಿ.

ಮನೆಯವರಿಗೆ ಇದು ಉರುಳು ಸೇವೆಯ ತಾಲೀಮು. ತಂಡದ ಮ್ಯಾನೇಜರ್ ಇನ್ನೂ ಒಂದು ಹೆಜ್ಜೆ ಮುಂದೆ: “ಪಂದ್ಯವೇ ಇಲ್ಲದ ಮೇಲೆ ನಿನ್ನ ಕಾಲಿಗೇನು ದಾಡಿ? ಆಟ ಶುರುವಾಗಲಿ, ನೋಡೋಣ.” ಆ ಮಾತಿಗೆ ಉತ್ತರ ನನ್ನಲ್ಲೂ ಇರಲಿಲ್ಲ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಸಮುದ್ರದ ಮರಳಿನಲ್ಲಿ ಹಿಂದಕ್ಕೆ ಓಡಿದೆ. ತೊಡೆಗೆ ಏನೂ ಆಗಲಿಲ್ಲ, ಮೀನಖಂಡ ಹಿಡಿದುಕೊಂಡಿತು. ಮೀನಿನ ಲಾರಿಯಿಂದ ಮಂಜುಗಡ್ಡೆ ತಂದು ಕಟ್ಟಿದೆ. ನೋವು ತಗ್ಗಿತು, ಎರಡು ದಿನ ಬೆಕ್ಕು ಬೆನ್ನು ಬಿಡಲಿಲ್ಲ. ಉಪಯೋಗಕ್ಕೆ ಬಂದದ್ದು ಓಟ ಮಾತ್ರ: ವಾರಕ್ಕೆರಡು ದಿನ ಶಾಲೆಯ ಮೈದಾನದಲ್ಲಿ ಮೂವತ್ತು ಮೀಟರ್, ಮೊದಲು ಅರೆವೇಗ, ಎರಡು ತಿಂಗಳ ನಂತರ ಪೂರ್ತಿ ವೇಗ. ಪೂರ್ತಿ ವೇಗದಲ್ಲಿ ಓಡದ ಕಾಲನ್ನು ನೇರವಾಗಿ ದಾಳಿಗೆ ಒಯ್ದರೆ ಅದು ಹರಿಯದೆ ಇನ್ನೇನು ಮಾಡೀತು?

ಅಂಕಣಕ್ಕೆ ಮರಳುವ ಮೊದಲು ಒಂದು ಪರೀಕ್ಷೆ. ಅಂಗಾತ ಮಲಗಿ, ಮೊಣಕಾಲು ಮಡಚದೆ, ಕಾಲನ್ನು ರಭಸದಿಂದ ಮೇಲಕ್ಕೆ ಎಸೆಯುತ್ತೇನೆ. ನೋಯದಿದ್ದರೂ ಮನಸ್ಸು ಒಂದಿಷ್ಟು ಅಳುಕಿತೆಂದರೆ ಇನ್ನೂ ಒಂದು ವಾರ ಮನೆ.

ನಮ್ಮ ಕರಾವಳಿಯ ಹೊನಲು ಬೆಳಕಿನ ಪಂದ್ಯಾಟಗಳಲ್ಲಿ ಇನ್ನೊಂದು ಶತ್ರುವಿದೆ: ಪ್ಲಾಸ್ಟಿಕ್ ಕುರ್ಚಿ. ಒಂಬತ್ತಕ್ಕೆ ಮೊದಲ ಪಂದ್ಯ, ಮುಂದಿನದಕ್ಕೆ ಒಂದೂವರೆ. ನಡುವೆ ಊಟ, ಭಾಷಣ, ಸನ್ಮಾನ. ಕುರ್ಚಿಯಲ್ಲಿ ತಣ್ಣಗಾದ ಮೈಯಲ್ಲಿ ಎದ್ದು ಮೂವತ್ತು ಸೆಕೆಂಡಿನ ದಾಳಿಗೆ ಹೋಗುವುದು. ನನ್ನ ನಾಲ್ಕರಲ್ಲಿ ಮೂರು ಗಾಯ ನಡುರಾತ್ರಿ ದಾಟಿದ ಮೇಲಿನವು. ಈಗ ಅರ್ಧ ಗಂಟೆಗೊಮ್ಮೆ ಎದ್ದು ಓಡಾಡುತ್ತೇನೆ, ಸ್ವೆಟರ್ ಮತ್ತು ಉದ್ದ ಪ್ಯಾಂಟ್ ಕಳಚುವುದಿಲ್ಲ. ಹೆಸರು ಕರೆಯುವ ಮುಂಚಿನ ಹತ್ತು ನಿಮಿಷ ಪೆಂಡಾಲಿನ ಹಿಂದೆ ಏನು ಮಾಡುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಎದುರಾಳಿಗಳಿಗೂ ಓದಲು ಬರುತ್ತದೆ.

2022ರಿಂದ ಮೂರು ಋತು, ಅರವತ್ತಕ್ಕೆ ಕಡಿಮೆಯಿಲ್ಲದಷ್ಟು ಪಂದ್ಯ ಆಡಿದೆ. ತೊಡೆ ಒಮ್ಮೆಯೂ ಹಿಡಿಯಲಿಲ್ಲ, ಅದೂ ಮೂವತ್ನಾಲ್ಕು ದಾಟಿದ ಮೇಲೆ. ಖರ್ಚು ಗೋಣಿಚೀಲದ್ದು ಮಾತ್ರ, ಅದೂ ಮನೆಯದೇ.

ಮ್ಯಾನೇಜರ್ ಕಳೆದ ವರ್ಷ ಇಬ್ಬರು ಹುಡುಗರನ್ನು ನನ್ನ ಬಳಿ ಕಳುಹಿಸಿದರು, ಆ ಹಳೆಯ ಮಾತನ್ನು ಮಾತ್ರ ಎತ್ತಲಿಲ್ಲ. ಒಬ್ಬ ಬಿಡದೆ ಮಾಡುತ್ತಿದ್ದಾನೆ. ಇನ್ನೊಬ್ಬ ನೋವು ಹೋಯಿತೆಂದು ಆರನೆಯ ವಾರಕ್ಕೆ ತಪ್ಪಿಸಿಕೊಂಡ, ಮೊನ್ನೆ ಕುಂಟುತ್ತಾ ಬಂದು, “ಅಣ್ಣಾ, ಏಳನೆಯ ವಾರದಿಂದ ಮುಂದುವರಿಸಲೇ?” ಎಂದು ಕೇಳಿದ. ನೋವು ಇಳಿಯುವವರೆಗೆ ಮಂಚದ ಹತ್ತಿರ ಸುಳಿಯಬೇಡ, ಆಮೇಲೆ ಐದೈದರಿಂದ ಶುರು ಎಂದೆ.