ರಾಶಿ ಮುಗಿದ ಮೇಲೆ ಬಂದ ಇಲಿಗಳು

ವಿಜಯಪುರದ ಕಡೆ ಹಿಂಗಾರಿ ಜೋಳದ ರಾಶಿ ಮುಗಿದರೆ ಹೊಲದ ಇಲಿಗಳಿಗೆ ಊರೇ ಗತಿ. ಯುಗಾದಿಯ ಹೊತ್ತಿಗೆ ನಮ್ಮ ಅಟ್ಟದ ಕೌದಿ ಗಂಟಿನಲ್ಲಿ ಚಿಂದಿ, ಹತ್ತಿ, ರವದಿ ಸೇರಿಸಿ ಗೂಡು ಶುರುವಾಗಿತ್ತು. ಪಾಷಾಣಕ್ಕೆ ನಾನು ಒಪ್ಪಲಿಲ್ಲ. ಗೋಡೆಯೊಳಗೆ ಸತ್ತು ನಾರಿದರೆ ತೆಗೆಯುವವರು ಯಾರು?

ಸುಣ್ಣದ ಗೋಡೆಯ ಬುಡದಲ್ಲಿ ಎಣ್ಣೆ ಸವರಿದಂತಹ ಕಪ್ಪು ಗೆರೆ ಕಂಡಿತು. ಇಲಿಗಳು ಓಡಾಡಿ ಮೈ ಉಜ್ಜಿದ ಗುರುತದು. ಅದರ ಬೆನ್ನು ಹತ್ತಿದರೆ ಬಚ್ಚಲ ಪೈಪಿನ ಸುತ್ತ ಬೆರಳು ತೂರುವಷ್ಟು ಸಂದು! ಸುಂಡಿಲಿಗಾದರೆ 6 ಮಿಲಿಮೀಟರ್ ಸಾಕು. ಮೊದಲು ಬೋನಿಟ್ಟು ಒಳಗಿದ್ದವನ್ನು ಹಿಡಿದೆ (ಹುರಿದ ಶೇಂಗಾ ಮುಂದೆ ಬಜಿ ಏನೂ ಅಲ್ಲ). ಆಮೇಲೆ ಪಾತ್ರೆ ತಿಕ್ಕುವ ಸ್ಟೀಲ್ ನಾರನ್ನು ಸಂದಿಗೆ ಒತ್ತಿ ತುಂಬಿ, ಮೇಲೆ ಸಿಮೆಂಟ್ ಮೆತ್ತಿದೆ. ಬರೀ ಸಿಮೆಂಟನ್ನು ಹಸಿಯಿದ್ದಾಗಲೇ ಕೆರೆದು ಹಾಕುತ್ತವೆ. ಹೊಸ ಹಿಕ್ಕೆ ಕಾಣುತ್ತಿಲ್ಲ. ಹಿತ್ತಲ ಬಾಗಿಲಿನ ಅಡಿಗೆ ತಗಡಿನ ಪಟ್ಟಿ ಹೊಡೆಸುವುದೊಂದು ಬಾಕಿ.