ಓದಲು ಯಾವ ಕವಿತೆ ಕೊಡಲಿ?

ಕಲಬುರಗಿಯ ಒಂದು ಪದವಿ ಕಾಲೇಜಿನ ಲೈಬ್ರರಿಯಲ್ಲಿ ನನ್ನ ಕೆಲಸ. ಬರುವವರಲ್ಲಿ ಹೆಚ್ಚಿನವರು ಕೇಳುವುದು ಪರೀಕ್ಷೆಯ ಪುಸ್ತಕ. ಯಾರಾದರೂ ‘ಈಗಿನ ಕಾಲದ ಕವಿತೆ ಏನಾದ್ರೂ ಕೊಡ್ರಿ’ ಅಂದರೆ ನನಗೆ ಆ ದಿನ ಹಬ್ಬ.

ಅಂಥ ಒಂದು ದಿನವೇ ನಾನು ಎಡವಿದ್ದು. ಅಫಜಲಪುರ ಕಡೆಯ ಒಬ್ಬ ಬಿ.ಕಾಂ. ಹುಡುಗಿಗೆ ಗೋಪಾಲಕೃಷ್ಣ ಅಡಿಗರ ‘ಭೂಮಿಗೀತ’ ಕೊಟ್ಟೆ. 1959ರ ಸಂಕಲನ. ಹಳೆ ಧಾಟಿ ಮುರಿದು ಹೊರಟ ನವ್ಯ ಕಾವ್ಯ ಅಂದರೆ ಇಲ್ಲಿಂದಲೇ ಶುರು ಮಾಡಬೇಕು ಅಂತ ನನ್ನ ಲೆಕ್ಕ. ಮೂರನೇ ದಿನಕ್ಕೆ ವಾಪಸ್ ತಂದಳು. ‘ಮೇಡಂ, ಒಂದೊಂದ್ ಶಬ್ದ ತಿಳೀತಾವ್ರಿ. ಕೂಡಿಸಿ ಓದಿದ್ರ ತಿಳೀವಲ್ದು’ ಅಂದಳು. ಮುಖ ಸಣ್ಣದಾಗಿತ್ತು. ತಪ್ಪು ತನ್ನದೇ ಅಂದುಕೊಂಡಿದ್ದಳು. ತಪ್ಪು ನನ್ನದು. ಅವಳ ಕಿವಿಗೆ ಯಾವ ಮಾತು ಪರಿಚಯ ಅಂತ ನಾನು ಕೇಳಲೇ ಇಲ್ಲ.

ಅಂದಿನಿಂದ ಮೊದಲು ಪುಸ್ತಕ ಕೊಡುವುದು ಬಿಟ್ಟೆ. ಒಂದೇ ಕವಿತೆ ಆರಿಸುತ್ತೇನೆ, ಕೌಂಟರಿನ ಹತ್ತಿರವೇ ದನಿ ತೆಗೆದು ಓದುತ್ತೇನೆ. ಅವರೂ ಒಮ್ಮೆ ಓದಬೇಕು. ಇಷ್ಟವಾದರೆ ಆ ಪುಟಕ್ಕೆ ಚೀಟಿ ಇಟ್ಟು ಪುಸ್ತಕ ಕೈಗೆ ಕೊಡುತ್ತೇನೆ.

ಅದೇ ಹುಡುಗಿಗೆ ಆಮೇಲೆ ಚಂದ್ರಶೇಖರ ಕಂಬಾರರ ‘ಹೇಳತೇನ ಕೇಳ’ ಓದಿಸಿದೆ. 1964ರದ್ದು. ಉತ್ತರ ಕರ್ನಾಟಕದ ಆಡುಮಾತು, ಲಾವಣಿಯ ನಡಿಗೆ. ಕಂಬಾರರ ಬೆಳಗಾವಿ ಕಡೆಯ ಮಾತಿಗೂ ನಮ್ಮ ಮಾತಿಗೂ ವ್ಯತ್ಯಾಸ ಇದೆ ನಿಜ, ಆದರೆ ನಾಲಿಗೆ ತಡವರಿಸುವುದಿಲ್ಲ. ಅರ್ಧ ಪುಟ ಓದುವಷ್ಟರಲ್ಲಿ ಅವಳ ದನಿ ತಾನಾಗಿ ಏರಿತು. ಬೇಂದ್ರೆಯವರನ್ನೂ ಹೀಗೇ ಕೊಡುತ್ತೇನೆ. ಆದರೆ ಜ್ಞಾನಪೀಠ ಬಂದಿದೆ ಅಂತ ‘ನಾಕುತಂತಿ’ಯನ್ನೇ ಮೊದಲು ಕೊಡಬೇಡಿ. ಅದು ಬೇಂದ್ರೆ ರುಚಿ ಹತ್ತಿದ ಮೇಲೆ ಓದುವಂಥದ್ದು.

ನಮ್ಮ ಭಾಗದವರಿಗೆ ಇನ್ನೊಂದು ದಾರಿ ಗಜಲ್. ಇಲ್ಲಿ ಬಂದೇನವಾಜ್ ದರ್ಗಾದ ಉರುಸಿನಲ್ಲಿ ಕವ್ವಾಲಿ ಕೇಳಿ ಬೆಳೆದವರು ಎಷ್ಟು ಜನ! ನಮ್ಮ ಅಟೆಂಡರ್ ಮನೆಯಲ್ಲಿ ಆಡುವುದು ದಖನಿ ಉರ್ದು. ಒಂದು ಮಧ್ಯಾಹ್ನ ರಾಯಚೂರಿನ ಶಾಂತರಸರ ಗಜಲ್ ಓದುತ್ತಿದ್ದೆ. ಅಟೆಂಡರ್ ಕಪಾಟಿನ ಧೂಳು ಒರೆಸುತ್ತಿದ್ದವರು ಬಟ್ಟೆ ಹಿಡಿದುಕೊಂಡೇ ಹತ್ತಿರ ಬಂದರು. ‘ಮೇಡಂ, ಇದರಾಗ ರದೀಫ್ ಅದ ಅಲ್ರೀ!’ ಅಂದರು. ನಾನು ಮತ್ತೆ ಮೊದಲಿಂದ ಓದಿದೆ. ರದೀಫ್ ಅಂದರೆ ಸಾಲಿನ ಕೊನೆಗೆ ಮತ್ತೆ ಮತ್ತೆ ಬರುವ ಅದೇ ಪದ. ಅದರ ಹಿಂದೆ ಬರುವ ಪ್ರಾಸವೇ ಕಾಫಿಯಾ. ಮೊದಲ ದ್ವಿಪದಿಯಲ್ಲಿ ಎರಡೂ ಸಾಲಿಗೆ ರದೀಫ್ ಬರುತ್ತದೆ, ಮುಂದೆ ಎರಡನೇ ಸಾಲಿಗೆ ಮಾತ್ರ. ಅವರು ಪ್ರತಿ ಸಲ ಆ ಪದಕ್ಕಾಗಿ ಕಾಯುತ್ತಿದ್ದರು, ಬಂದ ಕೂಡಲೇ ತಲೆದೂಗುತ್ತಿದ್ದರು. ಕನ್ನಡದಲ್ಲಿ ಗಜಲ್‌ಗೆ ದಾರಿ ಮಾಡಿದವರು ಶಾಂತರಸರು. 2006ರಲ್ಲಿ ಬೀದರ್‌ನಲ್ಲಿ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದವರೂ ಅವರೇ. ಅವರನ್ನು ಓದದೆ ನಮ್ಮ ಭಾಗದ ಹೊಸ ಕಾವ್ಯ ಅರ್ಥವಾಗುವುದಿಲ್ಲ ಅಂತಲೇ ನನ್ನ ನಂಬಿಕೆ.

ಕವಿತೆ ಬೇರೆ ಊರಿಗೆ ಹೋದರೆ ಬೇರೆ ಅರ್ಥ ಹುಟ್ಟುತ್ತದೆ. ಇದನ್ನು ನನಗೆ ಕಲಿಸಿದ್ದು ಸಿದ್ಧಲಿಂಗಯ್ಯನವರ ಹಾಡು. ‘ಯಾರಿಗೆ ಬಂತು ಎಲ್ಲಿಗೆ ಬಂತು ನಲವತ್ತೇಳರ ಸ್ವಾತಂತ್ರ್ಯ’ ಅಂತ ಹುಡುಗರಿಗೆ ಓದುತ್ತಿದ್ದೆ. ಮೊಮ್ಮಗನನ್ನು ಕರೆದೊಯ್ಯಲು ಬಂದ ಒಬ್ಬ ಅಜ್ಜ ಬಾಗಿಲಲ್ಲೇ ನಿಂತಿದ್ದರು. ‘ತಾಯಿ, ನಲವತ್ತೇಳರಾಗ ನಮಗ ಎಲ್ಲಿ ಬಂದಿತ್ತು?’ ಅಂದರು. ಹೌದಲ್ವಾ! ನಾವು ಆಗ ಹೈದರಾಬಾದಿನ ನಿಜಾಮನ ಕೈಕೆಳಗೆ. ಇಲ್ಲಿ ಬಿಡುಗಡೆಯ ದಿನ 1948ರ ಸೆಪ್ಟೆಂಬರ್ 17. ಕವಿ ಕೇಳಿದ್ದು ಬಡವರ ಪರವಾಗಿ. ಅಜ್ಜನ ಬಾಯಲ್ಲಿ ಅದೇ ಪ್ರಶ್ನೆಗೆ ನಮ್ಮ ಮಣ್ಣಿನ ಇನ್ನೊಂದು ಅರ್ಥ ಬಂತು. ಆಮೇಲೆ ಅರ್ಧ ಗಂಟೆ ಅವರು ರಜಾಕಾರರ, ಅಂದರೆ ನಿಜಾಮನ ಪರ ನಿಂತ ಪಡೆಯವರ, ಕಾಲದ ಮಾತು ಹೇಳಿದರು. ಒಬ್ಬ ಹುಡುಗನೂ ಎದ್ದು ಹೋಗಲಿಲ್ಲ. ಅಂದು ಸಂಜೆ ಸಿದ್ಧಲಿಂಗಯ್ಯನವರ 1975ರ ‘ಹೊಲೆಮಾದಿಗರ ಹಾಡು’ ಪುಸ್ತಕಕ್ಕೆ ಮೂವರು ಹೆಸರು ಬರೆಸಿದರು. ನಮ್ಮಲ್ಲಿ ಇದ್ದದ್ದು ಒಂದೇ ಪ್ರತಿ.

ಮನೆಗೆಲಸದ ಗಡಿಬಿಡಿಯಲ್ಲಿ ಬರುವ ಹೆಣ್ಣುಮಕ್ಕಳಿಗೆ ವೈದೇಹಿ. ತಮ್ಮ ಕವಿತೆಯಲ್ಲಿ ಕಾವ್ಯದ ಪಕ್ಕಕ್ಕೇ ಅಡುಗೆಮನೆಯ ತಿಳಿಸಾರನ್ನು ತಂದಿಟ್ಟವರು ಅವರು.

ಅಡಿಗರನ್ನು ಬಿಟ್ಟಿಲ್ಲ. ‘ಯಾವ ಮೋಹನ ಮುರಲಿ ಕರೆಯಿತೋ’ ಹಾಡು ಎಲ್ಲರಿಗೂ ಗೊತ್ತು. ಬರೆದವರು ಇವರೇ ಅಂದರೆ ಕಣ್ಣರಳಿಸುತ್ತಾರೆ. ಅಲ್ಲಿಂದ ‘ಭೂಮಿಗೀತ’ಕ್ಕೆ ನಿಧಾನಕ್ಕೆ ಕರೆದೊಯ್ಯಬಹುದು. ಆ ಹುಡುಗಿ ಕೊನೆಯ ವರ್ಷದಲ್ಲಿ ಅದನ್ನು ತಾನೇ ಕೇಳಿ ಒಯ್ದಳು, ಎರಡು ಸಲ ರಿನ್ಯೂವಲ್ ಮಾಡಿಸಿದಳು.

ಕೆ.ವಿ. ತಿರುಮಲೇಶರ ‘ಅಕ್ಷಯ ಕಾವ್ಯ’ವನ್ನು ಮಾತ್ರ ಇನ್ನೂ ಯಾರಿಗೂ ಕೊಟ್ಟಿಲ್ಲ. ಅದಕ್ಕೆ 2015ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಬಲು ಉದ್ದದ ಕವಿತೆ. ಬೆಳಿಗ್ಗೆ ಹುಡುಗರು ಬರುವ ಮುಂಚೆ ದಿನಕ್ಕೊಂದು ಪುಟ ನಾನೇ ಓದಿಕೊಳ್ಳುತ್ತಿದ್ದೇನೆ. ಯಾರ ಕಿವಿಗೆ ಇದನ್ನು ಹಾಕಲಿ ಅಂತ ನೋಡುತ್ತಿದ್ದೇನೆ.